ತುಂಗಿಯ ಹದಿನಾಲ್ಕನೇ ಅಧ್ಯಾಯ

ಬೆಟಗೇರಿ
4 ನವೆಂಬರ್ 2024

ಶಾಂಭವಿ ಅಕ್ಕೋರಿಗೆ,

ನಮಸ್ಕಾರ ಹೇಳುವಷ್ಟು ಸಮಾಧಾನ ನನಗಿಲ್ಲ, ಆದರೂ ಹೇಳಿದ್ದೇನೆ ಎಂದು ತಿಳಿಯಿರಿ. ನಿಮ್ಮ ‘ಹೊರಗಿನಾಕಿ’ ಕಾದಂಬರಿಯ ಕೊನೆಯ ಅಧ್ಯಾಯವನ್ನು ನಿನ್ನೆ ಓದಿ ಮುಗಿಸಿದೆ. ಮುಗಿಸಿ ಪುಸ್ತಕವನ್ನು ಗೋಡೆಗೆ ಎಸೆದೆ. ಅದು ಗ್ರಂಥಾಲಯದ ಪುಸ್ತಕ, ಬೆನ್ನು ಬಿಟ್ಟುಕೊಂಡಿದೆ. ಅದನ್ನು ನಾನೇ ಅಂಟಿಸಿ ಕೊಡುತ್ತೇನೆ, ನೀವು ಚಿಂತೆ ಮಾಡಬೇಡಿ.

ನಾನು ಗುಲ್ನಾಜ. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವಳು. ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಏಳೆಂಟು ಹೆಂಗಸರು ಕೂತು ಸೀರೆಗೆ ಕುಚ್ಚು ಕಟ್ಟುತ್ತೇವೆ. ಮಗ್ಗದಿಂದ ಬಂದ ಸೀರೆಯ ಸೆರಗಿನ ಎಳೆಗಳನ್ನು ಹೊಸೆದು ಗಂಟು ಹಾಕುವ ಕೆಲಸ. ಕೈಗೆ ಕೆಲಸವಿರುತ್ತದೆ, ಕಿವಿ ಖಾಲಿ ಇರುತ್ತದೆ. ಅದಕ್ಕೆ ನಾನು ಓದುತ್ತೇನೆ, ಅವರು ಕೇಳುತ್ತಾರೆ. ಓದುವವಳ ಪಾಲಿನ ಸೀರೆಯನ್ನು ಉಳಿದವರು ಸ್ವಲ್ಪ ಸ್ವಲ್ಪ ಕಟ್ಟಿಕೊಡುತ್ತಾರೆ. ನಮ್ಮ ಅಮ್ಮಿ ಮಾಸುಮಬಿಯ ಕಾಲದಿಂದ ಇದೇ ರಿವಾಜು.

ಈ ಸಲ ನಿಮ್ಮ ತುಂಗಿಯ ಕಥೆ ಹಿಡಿದೆವು. ತಾಯಿ ಸತ್ತ ಮೇಲೆ ಸೋದರಮಾವನ ಊರಿಗೆ ಬಂದ ಹದಿನೈದು ವರ್ಷದ ಹುಡುಗಿ. ಹತ್ತನೇ ತರಗತಿ. ಅವಳ ಮಾತಿನ ಧಾಟಿಗೆ ನಗುವವರು, ಅವಳ ಪಕ್ಕದಲ್ಲಿ ಕೂರದವರು, ‘ಹೊರಗಿನಾಕಿ’ ಎಂದು ಕರೆಯುವವರು. ಅವಳು ಯಾರಿಗೂ ಬಗ್ಗುವುದಿಲ್ಲ. ಅಕ್ಕೋರೇ, ಅವಳು ಮಾವನಿಗೆ ಎದುರು ನಿಂತು ಮಾತಾಡಿದ ದಿನ ನಮ್ಮ ಪಡಸಾಲೆಯಲ್ಲಿ ಯಾರೂ ಗಂಟು ಹಾಕಲಿಲ್ಲ. ಶಾರದವ್ವ ಮಾತ್ರ, "ಹಾಂ, ಹಿಂಗ ಕೇಳಬೇಕು ನೋಡು!" ಎಂದು ನೆಲ ಬಡಿದಳು.

ಹದಿಮೂರನೇ ಅಧ್ಯಾಯದಲ್ಲಿ ತುಂಗಿ ಮನೆ ಬಿಟ್ಟು ರಸ್ತೆಗೆ ಬಂದು ನಿಂತಳು. ಅಲ್ಲಿಗೆ ನಿಲ್ಲಿಸಿದ್ದೇನೆ. ಮರುದಿನದ್ದನ್ನು ರಾತ್ರಿಯೇ ಒಮ್ಮೆ ಓದಿಕೊಳ್ಳುವುದು ನನ್ನ ಪದ್ಧತಿ. ಓದಿದರೆ ಏನಿದೆ? ಅವಳು ಮನೆಗೆ ವಾಪಸು ಹೋಗುತ್ತಾಳೆ! ಅತ್ತೆಯ ಕಾಲಿಗೆ ಬೀಳುತ್ತಾಳೆ! "ನನ್ನ ತಪ್ಪು ನನಗೆ ತಿಳಿಯಿತು" ಅನ್ನುತ್ತಾಳೆ! ಊರೆಲ್ಲ ಅವಳನ್ನು ‘ನಮ್ಮಾಕಿ’ ಅನ್ನುತ್ತದೆ. ಯಾವ ತಪ್ಪು ರೀ? ಅವಳು ಮಾಡಿದ ತಪ್ಪು ಯಾವ ಪುಟದಲ್ಲಿದೆ? ನಾನು ಹುಡುಕಿದೆ, ಸಿಗಲಿಲ್ಲ.

ಇದು ನನ್ನೊಬ್ಬಳ ಸಿಟ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಮ್ಮಲ್ಲಿ ಗದಿಗೆವ್ವ ಎಂಬ ಮುದುಕಿಯ ಮೊಮ್ಮಗಳು ಕಾಂಚನಾ ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ಬಂದು ಕುಚ್ಚು ಕಟ್ಟುತ್ತಾಳೆ. ಅವಳೂ ಹತ್ತನೇ ತರಗತಿ. ಅವಳಿಗೂ ತಾಯಿಯಿಲ್ಲ. ಅಪ್ಪ ಎರಡನೇ ಮದುವೆಯಾಗಿ ಕುರ್ತಕೋಟಿಯಲ್ಲಿದ್ದಾನೆ. ಇಲ್ಲಿ ಸಾಲಿಯಲ್ಲಿ ಅವಳಿಗೆ ‘ಕುರ್ತಕೋಟಿ’ ಎಂದೇ ಹೆಸರು. ಮಧ್ಯಾಹ್ನದ ಊಟಕ್ಕೆ ಒಬ್ಬಳೇ ಕೂರುತ್ತಾಳೆ. ವರ್ಷದಿಂದ ನಮ್ಮಲ್ಲಿ ಬಂದರೂ ತುಟಿ ಬಿಚ್ಚಿದವಳಲ್ಲ. ತುಂಗಿಯ ಕಥೆ ಶುರುವಾದ ಮೇಲೆ ಮೊದಲ ಸಲ ಮಾತಾಡಿದಳು: "ಅಕ್ಕಾ, ಆಕಿ ಖರೇನ ಅದಾಳೇನು?"

ಅವಳಿಗೆ ನಾನು ಹದಿನಾಲ್ಕನೇ ಅಧ್ಯಾಯ ಹೆಂಗೆ ಓದಲಿ? ಬೇರೆ ಕೊನೆ ಬರೆದು ಕಳಿಸಿ. ಎರಡು ಪುಟ ಸಾಕು.

ಗುಲ್ನಾಜ


ಶಿರಹಟ್ಟಿ
11 ನವೆಂಬರ್ 2024

ಚಿ. ಗುಲ್ನಾಜಳಿಗೆ ಆಶೀರ್ವಾದಗಳು.

ನಿನ್ನ ಜಗಳದ ಪತ್ರ ಬಂತು. ಪುಸ್ತಕವನ್ನು ಗೋಡೆಗೆ ಎಸೆದ ಓದುಗರು ನನಗೆ ಇದುವರೆಗೆ ಇರಲಿಲ್ಲ. ಕಪಾಟಿನಲ್ಲಿಟ್ಟು ಮರೆತವರೇ ಜಾಸ್ತಿ. ಆ ಮಟ್ಟಿಗೆ ನಿನ್ನನ್ನು ಮೆಚ್ಚಿದೆ.

ಆದರೆ ಬೇರೆ ಕೊನೆ ಬರೆದು ಕಳಿಸಲು ಇದು ಖಾನಾವಳಿಯಲ್ಲ, ಪಲ್ಯ ಉಪ್ಪಾಯಿತು ಇನ್ನೊಂದು ಹಾಕಿ ಎನ್ನಲು. ತುಂಗಿ ವಾಪಸು ಹೋಗುತ್ತಾಳೆ. ಯಾಕೆಂದರೆ ಆ ಹುಡುಗಿಯರು ವಾಪಸು ಹೋಗುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿದವಳು ನಾನು. ಸಿಟ್ಟಿನಲ್ಲಿ ಹೊಸಿಲು ದಾಟಿದ ಹುಡುಗಿಯರು ಆಮೇಲೆ ಎಲ್ಲೆಲ್ಲಿ ಸಿಕ್ಕರು, ಹೇಗೆ ಸಿಕ್ಕರು ಎಂದು ಬರೆದರೆ ನಿನಗೆ ಊಟ ಸೇರುವುದಿಲ್ಲ. ತಲೆ ಬಗ್ಗಿಸಿ ಒಳಗೆ ಹೋದವರು ಬದುಕಿಕೊಂಡರು. ಬದುಕುವುದು ಸೋಲಲ್ಲ. ನಿನ್ನ ವಯಸ್ಸಿಗೆ ಅದು ತಿಳಿಯುವುದಿಲ್ಲ, ಅದು ನಿನ್ನ ತಪ್ಪೂ ಅಲ್ಲ.

ಆ ಹುಡುಗಿ ಕಾಂಚನಾ ಅತ್ತರೆ ಅಳಲಿ. ಪುಸ್ತಕ ಓದಿ ಅತ್ತರೆ ಯಾರಿಗೂ ಏನೂ ಆಗುವುದಿಲ್ಲ. ಹದಿನಾಲ್ಕನೇ ಅಧ್ಯಾಯವನ್ನು ಒಂದು ಅಕ್ಷರ ಬಿಡದೆ ಓದು. ಓದಿದವಳಿಗೆ ಅಷ್ಟು ಪ್ರಾಮಾಣಿಕತೆ ಇರಬೇಕು.

ಪುಸ್ತಕದಲ್ಲಿ ನನ್ನ ಫೋನ್ ನಂಬರು ಯಾಕಿಲ್ಲ ಎಂದು ಕೇಳುವವರಿದ್ದಾರೆ. ನನ್ನ ಕಿವಿ ಮಂದ. ಫೋನ್ ಹತ್ತಿರ ಹಿಡಿದರೆ ಕಿವಿಯ ಯಂತ್ರ ಕೀಂ ಎನ್ನುತ್ತದೆ. ಇನ್ನೂ ಜಗಳವಾಡುವುದಿದ್ದರೆ ಹೀಗೇ ಬರೆದು ಆಡು.

ಶಾಂಭವಿ


ಬೆಟಗೇರಿ
20 ನವೆಂಬರ್ 2024

ಪ್ರೀತಿಯ ಅಕ್ಕೋರಿಗೆ ನಮಸ್ಕಾರ.

ನೀವು ಹೇಳಿದ ಮೇಲೆ ಆಯಿತು. ಮೊನ್ನೆ ಕೊನೆಯ ಅಧ್ಯಾಯ ಮುಗಿಯಿತು. ಎಲ್ಲರಿಗೂ ಬಹಳ ಸೇರಿತು. ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಅಕ್ಕೋರ ಹೊಟ್ಟಿ ತಣ್ಣಗಿರಲಿ" ಎಂದಳು. ಕಾಂಚನಾ ಚಪ್ಪಾಳೆ ತಟ್ಟಿದಳು. ಅವಳು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಐದನೇ ಅಧ್ಯಾಯದಲ್ಲಿ ತುಂಗಿಯನ್ನು ತರಗತಿಯ ಮುಂದಿನ ಸಾಲಿಗೆ ಕರೆದು ಕೂರಿಸಿಕೊಳ್ಳುವ ಅಕ್ಕೋರು ಇದ್ದಾರಲ್ಲ, ಅವರು ನೀವೇ ಏನು? ಕಾಂಚನಾ ಕೇಳಲು ಹೇಳಿದ್ದಾಳೆ.

ಅವಳಿಗೆ ಒಂದು ಕಷ್ಟ ಬಂದಿದೆ. ಗದಿಗೆವ್ವನ ಮಗ ಪುಂಡಲೀಕಪ್ಪ ಮುಂಡರಗಿಯಲ್ಲಿ ಖಾನಾವಳಿ ನಡೆಸುತ್ತಾನೆ. ಅವನ ಹೆಂಡತಿಗೆ ಜನವರಿಗೆ ದಿನ ತುಂಬುತ್ತವೆ. ಆಕೆಗೆ ತವರಿಲ್ಲ. ಗದಿಗೆವ್ವ ಬಾಣಂತನಕ್ಕೆ ಹೋಗೋಣವೆಂದರೆ ಅತ್ತೆ ಸೊಸೆಗೆ ಮಾತೇ ಇಲ್ಲ. ಅದಕ್ಕೆ ಸೋದರ ಸೊಸೆ ಕಾಂಚನಾಳನ್ನು ಕರೆದೊಯ್ಯುತ್ತೇನೆ ಎನ್ನುತ್ತಾನೆ. ಮಾರ್ಚ್‌ನಲ್ಲಿ ಅವಳ ಪರೀಕ್ಷೆ. ಹೋದವಳು ಬರುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಂಡರಗಿಯಲ್ಲಿ ಮಗು ಅಳುತ್ತದೆ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು ಬೇಕು, ಆಮೇಲೆ ಯಾರ ಪರೀಕ್ಷೆ, ಎಲ್ಲಿಯ ಪರೀಕ್ಷೆ?

ನಿಮ್ಮ ಅಭಿಪ್ರಾಯ ಬರೆಯಿರಿ. ಅವಳು ನಿಮ್ಮ ಮಾತು ಕೇಳುತ್ತಾಳೆ.

ಗುಲ್ನಾಜ


ಶಿರಹಟ್ಟಿ
2 ಡಿಸೆಂಬರ್ 2024

ಚಿ. ಗುಲ್ನಾಜಳಿಗೆ,

ನೋಡಿದೆಯಾ? ಹೆದರಿಕೊಂಡಿದ್ದೆ, ಏನಾಯಿತು? ನಿನ್ನ ಪತ್ರವನ್ನು ಎರಡು ಸಲ ಓದಿದೆ. ವಿಮರ್ಶಕರು ಯಾರೂ ಮುಟ್ಟದ ಅಧ್ಯಾಯಕ್ಕೆ ಕುಚ್ಚು ಕಟ್ಟುವ ಹೆಂಗಸರು ಕಣ್ಣೀರು ಹಾಕಿದರು, ಹುಡುಗಿ ಚಪ್ಪಾಳೆ ತಟ್ಟಿದಳು. ತಲೆ ಬಗ್ಗಿಸುವುದರಲ್ಲೂ ಒಂದು ಗೆಲುವಿದೆ ಎಂದು ಆ ಮಗುವಿಗೆ ತಿಳಿಯಿತಲ್ಲ, ನನಗೆ ಅಷ್ಟು ಸಾಕು.

ಆ ಅಕ್ಕೋರು ನಾನೇ ಎನ್ನು. ಹೆಚ್ಚೂಕಡಿಮೆ ನಾನೇ. ಶಿರಹಟ್ಟಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ‘ಶಾಂಭವಿ ಟೀಚರ ಮನಿ’ ಎಂದು ಕೇಳಿದರೆ ಬಾಗಿಲತನಕ ಬಿಟ್ಟು ಹೋಗುತ್ತಾರೆ. ನೀವೆಲ್ಲ ಒಮ್ಮೆ ಬನ್ನಿ.

ಬಾಣಂತನದ ವಿಷಯ. ಮನೆತನ ಎಂದ ಮೇಲೆ ಇವೆಲ್ಲ ಇದ್ದದ್ದೇ. ಪುಸ್ತಕಗಳನ್ನು ಜೊತೆಗೆ ಒಯ್ಯಲಿ, ಮಗು ಮಲಗಿದಾಗ ಓದಿಕೊಳ್ಳಲಿ. ದೊಡ್ಡದು ಮಾಡಬೇಡಿ ಎಂದು ಹೇಳು.

ಶಾಂಭವಿ


ಶಿರಹಟ್ಟಿ
9 ಜನವರಿ 2025

ಗುಲ್ನಾಜ,

ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ.

ನಿನ್ನ ಹುಡುಗಿ ಮೊನ್ನೆ ಸಂಜೆ ನನ್ನ ಬಾಗಿಲಿಗೆ ಬಂದು ನಿಂತಿದ್ದಳು. ಒಬ್ಬಳೇ. ಹೆಗಲಿಗೆ ಸಾಲಿಚೀಲ, ಕೈಯಲ್ಲಿ ಆಧಾರ್ ಕಾರ್ಡು. ಅದನ್ನು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ, ಹಾಗೆ ಬಂದಿದ್ದಾಳೆ. ಯಾರವ್ವ ನೀನು ಎಂದೆ.

"ಕಾಂಚನಾ ರೀ. ಬೆಟಗೇರಿ ಕಾಂಚನಾ."

ಏನು ಬೇಕಿತ್ತು ಎಂದೆ.

"ನಾಳೆ ನಮ್ಮ ಮಾಮಾ ಕರಕೊಂಡು ಹೋಗಾಕ ಬರ್ತಾನ. ಪರೀಕ್ಷಾ ಮುಗಿಯೂತನಕ ಇಲ್ಲೇ ಇರ್ತೀನಿ. ತುಂಗಿನ್ನ ಇಟ್ಕೊಂಡ್ರೆಲ್ಲ ನೀವು. ನನ್ನೂ ಇಟ್ಕೋರಿ. ಕಸಾ ಮುಸುರಿ ಎಲ್ಲಾ ಮಾಡ್ತೀನಿ."

ನನಗೆ ಅರ್ಥವಾಗಲಿಲ್ಲ. ಕಿವಿಯ ಯಂತ್ರ ಸರಿ ಮಾಡಿಕೊಂಡು ಮತ್ತೆ ಕೇಳಿದೆ. ಆಗ ಗೊತ್ತಾಯಿತು ನಿನ್ನ ಕರಾಮತ್ತು. ನನ್ನ ಹದಿನಾಲ್ಕನೇ ಅಧ್ಯಾಯವನ್ನು ನೀನು ಓದಿಯೇ ಇಲ್ಲ. ಪುಟ ಕೈಯಲ್ಲಿ ಹಿಡಿದು ನಿನ್ನ ಬಾಯಿಗೆ ಬಂದದ್ದು ಹೇಳಿದ್ದೀಯ. ತುಂಗಿ ರಸ್ತೆಯಿಂದ ಬಸ್ಸು ಹತ್ತುತ್ತಾಳಂತೆ, ಅಕ್ಕೋರ ಊರಿಗೆ ಹೋಗುತ್ತಾಳಂತೆ, ಅಕ್ಕೋರು ಬಾಗಿಲು ತೆಗೆದು "ಬಾ ಒಳಗ" ಎನ್ನುತ್ತಾರಂತೆ, ಮುಗಿಯಿತಂತೆ. ನನ್ನ ಹೆಸರಿನ ಪುಸ್ತಕ, ನಿನ್ನ ಸುಳ್ಳು! ಅಲ್ಲವೇ ಗುಲ್ನಾಜ, ನಂಬಿಸಿ ನನಗೆ ಪತ್ರ ಬೇರೆ ಬರೆದೆ. ಚಪ್ಪಾಳೆಯಂತೆ, ಕಣ್ಣೀರಂತೆ. ನಾನು ಮುದುಕಿ, ಉಬ್ಬಿ ಹೋದೆ.

ನಾನು ಅವಳನ್ನು ಬೈಯಲಿಲ್ಲ. ಊಟ ಹಾಕಿದೆ, ಹಾಸಿಗೆ ಹಾಸಿಕೊಟ್ಟೆ. ಬೆಳಿಗ್ಗೆ ಚಹ ಕುಡಿಸಿ, ಎದುರಿಗೆ ಕೂರಿಸಿಕೊಂಡು, ನನ್ನ ಪುಸ್ತಕ ತೆಗೆದು ನಿಜವಾದ ಹದಿನಾಲ್ಕನೇ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಮಗು ಸುಳ್ಳಿನ ಮೇಲೆ ನಿಂತುಕೊಂಡಿರಬಾರದಲ್ಲ. ಅವಳು ಕದಲದೆ ಕೇಳಿದಳು. ಮುಗಿದ ಮೇಲೆ ಒಂದು ಮಾತು ಕೇಳಿದಳು: "ಇದು ನೀವ ಬರದದ್ದಾ ರೀ?" ಹೌದು ಎಂದೆ. ಆಮೇಲೆ ತಾನೇ ಚೀಲ ಎತ್ತಿಕೊಂಡು, "ಹಂಗಾದ್ರ ಫೋನ್ ಹಚ್ಚರಿ ಮಾಮಾಗ" ಎಂದಳು. ಎದುರು ಮನೆಯ ಫಕ್ಕೀರಪ್ಪನ ಕೈಯಲ್ಲಿ ಫೋನ್ ಮಾಡಿಸಿದೆ. ಮಾವ ಬಂದ. ಒರಟನಲ್ಲ, ನನಗೆ ಕೈ ಮುಗಿದ. ಇಲ್ಲಿಂದ ನೇರ ಮುಂಡರಗಿಗೆ ಕರೆದೊಯ್ದ. ಅವಳು ಅಳಲಿಲ್ಲ, ತಾನಾಗಿಯೇ ಹೋದಳು. ಯಾರೂ ಒತ್ತಾಯ ಮಾಡಲಿಲ್ಲ.

ದಾರಿಯಲ್ಲಿ ಏನಾದರೂ ಆಗಿದ್ದರೆ? ಯಾರ ಕೈಗಾದರೂ ಸಿಕ್ಕಿದ್ದರೆ? ಯೋಚಿಸಿದ್ದೀಯಾ? ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಟ್ಟುಬಿಡು. ಓದುವುದು ನಿನಗೆ ಒಪ್ಪುವ ಕೆಲಸವಲ್ಲ.

ಶಾಂಭವಿ


ಬೆಟಗೇರಿ
14 ಜನವರಿ 2025

ಶಾಂಭವಿಯವರಿಗೆ,

ಈಗ ಅಕ್ಕೋರು ಎನ್ನಲಾರೆ.

ಹೌದು, ಬೇರೆ ಓದಿದೆ. ಪುಟ ತೆರೆದಿತ್ತು, ನಿಮ್ಮ ಅಕ್ಷರ ಕಾಣುತ್ತಿತ್ತು, ಎದುರಿಗೆ ಕಾಂಚನಾ ಸೂಜಿಯ ಹಾಗೆ ನೋಡುತ್ತ ಕೂತಿದ್ದಳು. "ಅತ್ತೆಯ ಕಾಲಿಗೆ" ಎನ್ನುವವರೆಗೆ ಬಂದು ನನ್ನ ಬಾಯಿ ತಿರುಗಿತು. ಬೇಕಂತಲೇ ತಿರುಗಿಸಿದೆ. ಅದಕ್ಕೆ ನಾಚಿಕೆಯಿಲ್ಲ. ಆ ಅಕ್ಕೋರು ಎಲ್ಲಿರುತ್ತಾರೆ ಎಂದು ಅವಳು ಕೇಳಿದಾಗ ಶಿರಹಟ್ಟಿ ಎಂದದ್ದೂ ನಾನೇ. ನೀವು ಬರೆದ ಮನೆಯ ಗುರುತು ಓದಿ ಹೇಳಿದ್ದೂ ನಾನೇ. ಅವಳು ಹೊರಟುಬಿಡುತ್ತಾಳೆ ಎಂದು ನನಗೆ ಹೊಳೆಯಲಿಲ್ಲ. ಆ ಸಿಟ್ಟು ನನ್ನ ಮೇಲಿದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮದನ್ನು ನೀವು ನೋಡಿಕೊಳ್ಳಿ. ಹದಿನೈದು ವರ್ಷದ ಹುಡುಗಿ ಒಂದು ಕಥೆ ನಂಬಿಕೊಂಡು ಬಸ್ಸು ಹತ್ತಿ ಬಂದಳು. ಬಂದವಳಿಗೆ ಊಟ ಹಾಕಿದಿರಿ. ಅಷ್ಟಕ್ಕೆ ಬಿಟ್ಟು "ಇರು" ಎಂದಿದ್ದರೆ ನನ್ನ ಸುಳ್ಳು ನಿಜವಾಗುತ್ತಿತ್ತು. ಎರಡೂವರೆ ತಿಂಗಳು! ನಿಮ್ಮ ಮನೆಯಲ್ಲಿ ಒಂದು ಚಾಪೆಯ ಜಾಗ ಇರಲಿಲ್ಲವೇ? ಅದು ಬಿಟ್ಟು ಪುಸ್ತಕ ತೆಗೆದಿರಿ. ಅವಳು ಜಾಗ ಕೇಳಿದರೆ ನೀವು ಅಧ್ಯಾಯ ಓದಿದಿರಿ. ನಿಮ್ಮ ಪುಸ್ತಕಕ್ಕೆ ಅನ್ಯಾಯವಾಗಿತ್ತಲ್ಲ, ಅದು ಮೊದಲು ಸರಿಯಾಗಬೇಕಿತ್ತು.

"ತಾನಾಗಿಯೇ ಹೋದಳು" ಎಂದು ಬರೆಯಲು ಕೈ ಹೇಗೆ ಬಂತು? ತುಂಗಿಯನ್ನು ಮುಂದಿನ ಸಾಲಿಗೆ ಕರೆದ ಅಕ್ಕೋರೇ ತುಂಗಿಯನ್ನು ಕಾಲಿಗೆ ಬೀಳಿಸಿದ್ದಾರೆ ಎಂದು ತಿಳಿದ ಮೇಲೆ ಅವಳು ಎಲ್ಲಿಗೆ ಹೋಗಬೇಕಿತ್ತು? ಇನ್ನೊಂದು ಮನೆ ಅವಳಿಗೆ ಗೊತ್ತಿತ್ತೇ? ‘ಫೋನ್ ಹಚ್ಚರಿ’ ಎಂದದ್ದು ಒಪ್ಪಿಗೆಯಲ್ಲ. ಇಲ್ಲೂ ಯಾರೂ ಇಲ್ಲ ಎಂದು ಅವಳು ಹೇಳಿದ್ದು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವರಿಗೆ ಅಷ್ಟು ಕಾಣಲಿಲ್ಲ. ನಿಮಗೆ ಮಂದ ಇರುವುದು ಕಿವಿಯಷ್ಟೇ ಎಂದುಕೊಂಡಿದ್ದೆ.

ಇವತ್ತು ಸಂಕ್ರಾಂತಿ. ಗದಿಗೆವ್ವ ಎಳ್ಳುಬೆಲ್ಲ ಮುಟ್ಟಿಲ್ಲ. "ನನ್ನ ಮಗಾ ಅದಾನ, ಏನಂತ ಹೇಳ್ಲಿ ಅವಗ?" ಎಂದು ಗೋಡೆಗೆ ಒರಗಿ ಕೂತಿದ್ದಾಳೆ. ಮುಂಡರಗಿಗೆ ಫೋನ್ ಮಾಡಿದರೆ ಕಾಂಚನಾ ಬರುವುದಿಲ್ಲ. "ಕೆಲಸದಾಗ ಅದಾಳ" ಎನ್ನುತ್ತಾನೆ ಪುಂಡಲೀಕಪ್ಪ. ಹಿಂದೆ ಮಗು ಅಳುವುದು ಕೇಳುತ್ತದೆ. ಶನಿವಾರ ನಾನೇ ಹೋಗಿದ್ದೆ. ಖಾನಾವಳಿಯ ಹಿಂದಿನ ಒಲೆಯ ಮುಂದೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋದಳು. ಹೊರಗೆ ಬರಲೇ ಇಲ್ಲ. ಬಾಣಂತಿಗೆ ಮಗ್ಗುಲಾಗಲೂ ಆಗುವುದಿಲ್ಲ, ಹೊಲಿಗೆ ಹಾಕಿದ್ದಾರೆ, ಬೇರೆ ಹೆಂಗಸು ಸಿಗುವುದಿಲ್ಲ ಎಂದು ಪುಂಡಲೀಕಪ್ಪ ನನ್ನ ಮುಂದೆ ಹಣೆ ಚಚ್ಚಿಕೊಂಡ. ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಇದೆ, ಹಾಜರಿ ಕಡಿಮೆ ಬಿದ್ದರೆ ಕೂರಿಸುವುದಿಲ್ಲ ಎಂದು ಸಾಲಿಯವರು ಹೇಳಿ ಕಳಿಸಿದ್ದಾರೆ.

ನಿಮ್ಮ ಅಧ್ಯಾಯ ಅಕ್ಷರ ಬಿಡದೆ ನಡೆಯುತ್ತಿದೆ. ಸಂತೋಷಪಡಿ.

ಗುಲ್ನಾಜ


ಬೆಟಗೇರಿ
28 ಜನವರಿ 2025

ಶಾಂಭವಿಯವರಿಗೆ,

ಉತ್ತರ ಬರಲಿಲ್ಲ. ಜಗಳವಿದ್ದರೆ ಬರೆದು ಆಡು ಎಂದವರು ನೀವೇ. ಈಗ ಬಾಯಿ ಕಟ್ಟಿತೇ?

ಬಾಗಿಲು ಹಾಕಿಕೊಂಡು ಕೂತಿದ್ದರೆ ಕೂತಿರಿ. ನಿಮ್ಮ ಬಾಗಿಲು ಅಷ್ಟೇ ಎಂದು ನಮಗೆ ಗೊತ್ತಾಗಿದೆ.

ಗುಲ್ನಾಜ


ಮುಂಡರಗಿ
2 ಫೆಬ್ರುವರಿ 2025

ಗುಲ್ನಾಜ,

ಈ ಪತ್ರವನ್ನು ಕಾಂಚನಾಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳು ದಾರಿಯಲ್ಲಿ ಹರಿದು ಒಗೆದರೂ ಒಗೆಯಬಹುದು, ನನ್ನ ಮೇಲೆ ಅಷ್ಟು ಸಿಟ್ಟಿದೆ. ಸಂಕ್ರಾಂತಿಯ ದಿನ ನೀನು ಬರೆದದ್ದು ಮುಟ್ಟಿತು. ಆಮೇಲೆ ಬರೆದಿದ್ದರೆ ಅದು ಶಿರಹಟ್ಟಿಯಲ್ಲಿ ಬಾಗಿಲ ಸಂದಿಯಲ್ಲಿ ಬಿದ್ದಿರಬೇಕು. ನಾನು ಅಲ್ಲಿಲ್ಲ.

ನಿನಗೆ ಉತ್ತರ ಬರೆಯಲು ಕೂತೆ. ನಾಲ್ಕು ಸಲ ಬರೆದು ಹರಿದೆ. ನಿನ್ನ ಪತ್ರದಲ್ಲಿ ಅರ್ಧಕ್ಕರ್ಧ ಉದ್ಧಟತನ. ಉಳಿದರ್ಧ ನನ್ನನ್ನು ಮಲಗಗೊಡಲಿಲ್ಲ. ಕೊನೆಗೆ ಪೆನ್ನು ಬಿಸಾಕಿ ಬಸ್ಸು ಹತ್ತಿದೆ, ಪುಂಡಲೀಕಪ್ಪನಿಗೆ ಎರಡು ಮಾತು ಹೇಳಿಯೇ ಬಿಡುತ್ತೇನೆ ಎಂದು.

ಹೇಳಿದೆ. ಖಾನಾವಳಿಯಲ್ಲಿ ಊಟ ಮಾಡುತ್ತಿದ್ದವರು ತುತ್ತು ಬಿಟ್ಟು ನೋಡುವಷ್ಟು ಜೋರಾಗಿ ಹೇಳಿದೆ. ಕಿವಿ ಕೇಳದವರ ದನಿ ಹೇಗಿರುತ್ತದೆ ನಿನಗೆ ಗೊತ್ತಲ್ಲ. ಮಗುವಿನ ಓದು ಕೆಡಿಸುತ್ತೀ, ಸಾಲಿ ಬಿಡಿಸಿ ರೊಟ್ಟಿ ಬಡಿಸುತ್ತೀ, ಕಾಯ್ದೆ ಇದೆ, ಕಚೇರಿ ಇದೆ ಎಂದೆ. ಅವನಿಗೂ ರೇಗಿತು.

"ಎಲ್ಲಾ ಖರೆ ರೀ ಟೀಚರ. ಆದ್ರ ಬಾಣಂತಿಗೆ ನೀರ ಯಾರ ಹಾಕಬೇಕು? ಕೂಸಿನ್ನ ಯಾರ ಎತ್ತಬೇಕು? ಭಾಷಣಾ ಎಲ್ಲಾರೂ ಮಾಡ್ತಾರ. ನೀವು ಮಾಡ್ತೀರೇನು ಬಾಣಂತನ?"

"ಮಾಡ್ತೀನಿ" ಎಂದೆ.

ಅವನು ನಕ್ಕ. ನಾನು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ.

ನನಗೆ ಮಕ್ಕಳಿಲ್ಲ ಗುಲ್ನಾಜ. ಕೂಸಿಗೆ ಎಣ್ಣೆ ಹಚ್ಚುವುದು ನನಗೆ ಗೊತ್ತಿಲ್ಲ. ಮೊದಲ ದಿನ ಬಾಣಂತಿಯೇ ಹಾಸಿಗೆಯಿಂದ ನನ್ನನ್ನು ಬೈದಳು. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಸಜ್ಜಿಗೆ ತಳ ಹಿಡಿಯಿತು. ಕೂಸು ಅರಚಿದರೆ ಕಿವಿಯ ಯಂತ್ರ ಅದಕ್ಕಿಂತ ಜೋರಾಗಿ ಅರಚುತ್ತದೆ. ಇದನ್ನೆಲ್ಲ ನನಗೆ ತೋರಿಸಿಕೊಟ್ಟದ್ದು ಕಾಂಚನಾ. ಮಾತಿಲ್ಲ. ನನ್ನ ಕೈಯಿಂದ ಕೂಸನ್ನು ಕಸಿದುಕೊಂಡು, ಹೇಗೆ ಹಿಡಿಯಬೇಕೆಂದು ಹಿಡಿದು ತೋರಿಸಿ, ಮತ್ತೆ ನನ್ನ ಕೈಗೆ ತುರುಕಿದಳು. ಕಲಿಯುವುದಕ್ಕೆ ಇಷ್ಟು ದಿನ ಹಿಡಿಯಿತು. ಈಗ ಬಾಣಂತಿ ಒಪ್ಪಿದ್ದಾಳೆ. ಒಪ್ಪದೆ ಏನು ಮಾಡುತ್ತಾಳೆ? ಖಾನಾವಳಿಯ ರೊಟ್ಟಿಗೆ ಪುಂಡಲೀಕಪ್ಪ ಬೇರೆ ಹೆಂಗಸನ್ನು ಗೊತ್ತು ಮಾಡಿಕೊಂಡ. ಸಿಗುವುದೇ ಇಲ್ಲ ಎಂದಿದ್ದ ಹೆಂಗಸು ನಾನು ಒಂದು ಮುಂಜಾನೆ ಗಲಾಟೆ ಮಾಡಿದ ಮೇಲೆ ಪಕ್ಕದ ಓಣಿಯಲ್ಲೇ ಸಿಕ್ಕಳು.

ಇವತ್ತು ಬೆಳಿಗ್ಗೆ ನಾನು ಕಾಂಚನಾಗೆ, "ಚೀಲಾ ತಗೊ. ಗದಗ ಬಸ್ ಐತಿ. ನಾ ಇಲ್ಲಿರ್ತೀನಿ, ನೀ ಹೋಗಿ ಪರೀಕ್ಷಾ ಬರಿ" ಎಂದೆ.

ಅವಳು ನನ್ನ ಮುಖ ನೋಡಿ, "ಇದು ಯಾವ ಪುಸ್ತಕದಾಗಿಂದು ರೀ?" ಎಂದಳು.

ನಾನು ಅವಳ ಚೀಲ ತಂದು ಮುಂದೆ ಇಟ್ಟೆ. ಬಾಣಂತಿ ಒಳಗಿನಿಂದ, "ಹೋಗ ಯವ್ವಾ, ಆಕಿ ಮನಸು ಬದಲ್ ಮಾಡೂದ್ರೊಳಗ ಹೋಗು" ಎಂದು ಕೂಗಿದ ಮೇಲೆ ಚೀಲ ತೆಗೆದುಕೊಂಡಳು.

ಹಾಜರಿ ಕಡಿಮೆ ಎಂದು ಸಾಲಿಯಲ್ಲಿ ತಗಾದೆ ತೆಗೆದರೆ ಕೂಡಲೇ ತಿಳಿಸು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಹೆಡ್‌ಮಾಸ್ತರರ ಎದುರು ಕೂರುತ್ತೇನೆ. ಅವರಂಥ ಹೆಡ್‌ಮಾಸ್ತರರನ್ನು ಎಷ್ಟು ಜನರನ್ನು ನೋಡಿದ್ದೇನೆ.

ಹದಿನಾಲ್ಕನೇ ಅಧ್ಯಾಯವನ್ನು ನಾನು ಬದಲಿಸುವುದಿಲ್ಲ. ಬರೆದದ್ದು ಬರೆದಾಯಿತು. ನಿನ್ನ ಸುಳ್ಳನ್ನೂ ನಾನು ಕ್ಷಮಿಸಿಲ್ಲ.

ಶಾಂಭವಿ


ಬೆಟಗೇರಿ
6 ಏಪ್ರಿಲ್ 2025

ಅಕ್ಕೋರಿಗೆ ನಮಸ್ಕಾರ.

ಮುಂಡರಗಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ನೀವು ಇನ್ನೂ ಅಲ್ಲೇ ಇದ್ದೀರಿ ಎಂದು ಗದಿಗೆವ್ವನಿಗೆ ಖಬರ ಬಂದಿದೆ. ಸೊಸೆ ಮೊದಲ ಸಲ ಅತ್ತೆಗೆ ಫೋನ್ ಮಾಡಿ, "ನಿಮ್ಮ ಟೀಚರ ಕೂಸಿಗೆ ಪಾಠಾ ಹೇಳಾಕತ್ತಾರ, ನೀವ ಬರ್ರಿ" ಎಂದಳಂತೆ. ಮುದುಕಿ ಹೊರಡಲು ಬಟ್ಟೆಯ ಗಂಟು ಕಟ್ಟುತ್ತಿದ್ದಾಳೆ. ಬಂದರೆ ನೀವು ಬಿಡುಗಡೆಯಾಗುತ್ತೀರಿ.

ಕಾಂಚನಾ ಪರೀಕ್ಷೆ ಬರೆದಳು. ಎಲ್ಲ ವಿಷಯ ಬರೆದಳು. ಹಾಜರಿಯ ತಗಾದೆ ಬಂದಿತ್ತು, ನಾನು ಮತ್ತು ಶಾರದವ್ವ ಹೋಗಿ ಹೆಡ್‌ಮಾಸ್ತರರ ಮುಂದೆ ನಿಮ್ಮ ಪತ್ರದ ಆ ಸಾಲು ಓದಿದೆವು. ಕೂಸು ಬರುವ ಮೊದಲೇ ಅವರು ಸಹಿ ಹಾಕಿದರು.

ನನ್ನ ಜೊತೆ ಅವಳು ನಿನ್ನೆಯವರೆಗೆ ಮಾತಾಡಿರಲಿಲ್ಲ. ಎರಡು ತಿಂಗಳು ನಮ್ಮ ಪಡಸಾಲೆಯಲ್ಲೇ ಕೂತು ಓದಿದಳು, ನನಗೆ ಬೆನ್ನು ಮಾಡಿ. ಚಹ ಕೊಟ್ಟರೆ ಅಮ್ಮಿಯ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ನೀನು ಮಾಡಿದ್ದು ನೀನೇ ಉಣ್ಣು ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಹೆಂಗಸರು ಗಂಟು ಬಿದ್ದರು, ಏನಾದರೂ ಓದು, ಬಾಯಿ ಹೊಲಿದುಕೊಂಡು ಎಷ್ಟು ದಿನ ಕೂರೋಣ ಎಂದು. ನಾನು ‘ಹೊರಗಿನಾಕಿ’ ತಂದೆ. ಎಲ್ಲರ ಮುಂದೆ ಹೇಳಿದೆ: ಕೊನೆಯ ಅಧ್ಯಾಯ ನಾನು ಓದಿದ್ದು ಸುಳ್ಳು, ಇವತ್ತು ಇದ್ದದ್ದು ಇದ್ದ ಹಾಗೆ ಓದುತ್ತೇನೆ. ಶಾರದವ್ವ ಬೈದಳು. ಬೈಯಲಿ ಎಂದು ಪುಟ ತೆಗೆದೆ.

"ಕೊಡ್ರಿ ಇಲ್ಲೆ" ಎಂದು ಕೈ ಚಾಚಿದಳು ಕಾಂಚನಾ.

ನಾನು ಕೊಡಲಿಲ್ಲ, ಓದುತ್ತೇನೆ ಕೇಳು ಎಂದೆ. ಅವಳು ಎದ್ದು ಬಂದು ನನ್ನ ಕೈಯಿಂದ ಕಿತ್ತುಕೊಂಡಳು.

"ಒಬ್ರು ಒಂದ ಓದಿ ಕಳಿಸಿದ್ರಿ, ಇನ್ನೊಬ್ರು ಇನ್ನೊಂದ ಓದಿ ಕಳಿಸಿದ್ರಿ. ನಾನೂ ಓದಾಕ ಕಲ್ತೀನಿ ಅನ್ನೂದು ಒಬ್ರಿಗೂ ನೆನಪಾಗಲಿಲ್ಲೇನು?"

ಹೊಸಿಲ ಮೇಲೆ ಕೂತು ಮೊದಲ ಪುಟದಿಂದ ಶುರು ಮಾಡಿದಳು. ಗದಿಗೆವ್ವ, "ಜೋರಾಗಿ ಓದ ಯವ್ವಾ, ನಾವೂ ಕೇಳ್ತೀವಿ" ಎಂದಳು. "ಇಲ್ಲ" ಎಂದಳು ಕಾಂಚನಾ. ಅಷ್ಟೇ. ಇಡೀ ಮಧ್ಯಾಹ್ನ ನಾವು ಕುಚ್ಚು ಕಟ್ಟಿದೆವು, ಅವಳು ಪುಟ ತಿರುಗಿಸಿದಳು. ದೀಪ ಹಚ್ಚುವ ಹೊತ್ತಿಗೆ ಮುಗಿಸಿದಳು. ಯಾರ ಕೊನೆ ಸರಿ ಎಂದು ಹೇಳುತ್ತಾಳೆ ಎಂದು ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಾನು ಗೆಲ್ಲುತ್ತೇನೆ ಎಂದೇ ಅಂದುಕೊಂಡಿದ್ದೆ.

ಪುಸ್ತಕವನ್ನು ನನ್ನ ಮುಂದೆ ಇಟ್ಟಳು. ಎರಡು ತಿಂಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

"ಅವರು ಆಕಿನ್ನ ಕಾಲಿಗೆ ಬೀಳಿಸಿ ಬಿಟ್ರು. ನೀವು ಬಾಗಲ್ದಾಗ ನಿಂದರಿಸಿ ಬಿಟ್ರಿ. ಆಕಿ ಹತ್ತನೇತ್ತೆ ಪರೀಕ್ಷಾ ಬರದಳೋ ಇಲ್ಲೋ, ಇಬ್ಬರಾಗ ಒಬ್ರರೆ ಹೇಳೀರೇನು?"

ನಾನು ಮತ್ತೆ ಪುಟ ತಿರುವಿ ನೋಡಿದೆ ಅಕ್ಕೋರೇ. ಇಲ್ಲ. ನಿಮ್ಮದರಲ್ಲೂ ಇಲ್ಲ, ನನ್ನದರಲ್ಲೂ ಇರಲಿಲ್ಲ.

ನಿಮಗೆ ಉತ್ತರ ಗೊತ್ತಿದ್ದರೆ ನನಗೆ ಬರೆಯಬೇಡಿ. ಅವಳಿಗೇ ಬರೆಯಿರಿ.

ಗುಲ್ನಾಜ